ಕುತ್ತಿಗೆಯಲ್ಲಿ ಗಂಟು, ಸಂಜೆ ಜ್ವರ, ರಿಪೋರ್ಟ್‌ನಲ್ಲಿ ‘ಕಿಕುಚಿ’: ಇದು ಯಾರಿಗಾದರೂ ಬಂದಿದೆಯಾ?

ಹಿತ್ತಲಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ನನಗೆ 28 ವರ್ಷ, ಊರು ದಾವಣಗೆರೆ. ನಿನ್ನೆ ಸಂಜೆ ಬಯಾಪ್ಸಿ ರಿಪೋರ್ಟ್ ಬಂತು. ‘ಕಿಕುಚಿ-ಫುಜಿಮೊಟೊ ಕಾಯಿಲೆ’ ಎಂದು ಬರೆದಿದೆ. ಕನ್ನಡದಲ್ಲಿ ಹುಡುಕಿದೆ, ನನಗೆ ಏನೂ ಸಿಗಲಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಶುರುವಾದದ್ದು ಒಂದು ಭಾನುವಾರ. ತಲೆಗೆ ಎಣ್ಣೆ ಹಚ್ಚಿಕೊಳ್ಳುವಾಗ ಬಲಗಡೆ, ಕಿವಿಯ ಹಿಂದಿನಿಂದ ಭುಜಕ್ಕೆ ಇಳಿಯುವ ಜಾಗದಲ್ಲಿ ಬೆರಳಿಗೆ ಏನೋ ತಾಗಿತು. ಕಡಲೆಕಾಳಿನಷ್ಟು. ಒತ್ತಿದರೆ ನೋವು. ವಾರದೊಳಗೆ ನೆಲ್ಲಿಕಾಯಿಯಷ್ಟಾಯಿತು, ಪಕ್ಕದಲ್ಲಿ ಇನ್ನೆರಡು ಸಣ್ಣವು ಎದ್ದವು. ಸಂಜೆಯಾದರೆ 101 ಜ್ವರ. ರಾತ್ರಿ ದಿಂಬಿನ ಕವರ್ ಒದ್ದೆ. ಮೂರು ಕೆಜಿ ಇಳಿದೆ. ಆಂಟಿಬಯೋಟಿಕ್ ಎರಡು ಕೋರ್ಸ್ ಮುಗಿಸಿದರೂ ಗಂಟು ಜಪ್ಪಯ್ಯ ಅನ್ನಲಿಲ್ಲ.

ಸೂಜಿ ಪರೀಕ್ಷೆ, ಅದೇ ಎಫ್‌ಎನ್‌ಎಸಿ, ಮಾಡಿಸಿದರು. ‘ನೆಕ್ರೋಸಿಸ್ ಇದೆ, ಟಿಬಿ ಇರಬಹುದು’ ಎಂದು ಬಂತು. ನೆಕ್ರೋಸಿಸ್ ಅಂದರೆ ಜೀವಕೋಶ ಸತ್ತಿರುವುದಂತೆ. ಉರಿಯೂತ ತೋರಿಸುವ ಇಎಸ್‌ಆರ್ 62, ಜಾಸ್ತಿ. ಬಿಳಿ ರಕ್ತಕಣ ಬರೀ 3,100. ಎದೆ ಎಕ್ಸ್‌ರೇ ಚೆನ್ನಾಗಿದೆ. ಮೊದಲನೇ ಡಾಕ್ಟರ್ ಟಿಬಿ ಮಾತ್ರೆ ಶುರು ಮಾಡೋಣ ಅಂದರು. ಎರಡನೆಯವರು ಬೆವರು, ಜ್ವರ, ತೂಕ ಎಲ್ಲ ಕೇಳಿ ‘ಲಿಂಫೋಮಾ ಅಲ್ಲ ಅಂತ ಖಾತ್ರಿ ಆಗಬೇಕಮ್ಮ’ ಅಂದರು. ಅದು ಒಂದು ಥರದ ಕ್ಯಾನ್ಸರ್. ಅವತ್ತಿನಿಂದ ಅಮ್ಮ ಸರಿಯಾಗಿ ಊಟ ಮಾಡಿಲ್ಲ. ಕೊನೆಗೆ ಸರ್ಜನ್ ಒಂದು ಗಂಟನ್ನು ಇಡಿಯಾಗಿ ತೆಗೆದರು. ನಾಲ್ಕು ಹೊಲಿಗೆ.

ಈಗ ಡಾಕ್ಟರ್ ನೋವಿನ ಮಾತ್ರೆ ಬರೆದುಕೊಟ್ಟು ‘ತಾನೇ ಹೋಗುತ್ತೆ ಬಿಡಮ್ಮ’ ಅನ್ನುತ್ತಿದ್ದಾರೆ. ಒಂದೂವರೆ ತಿಂಗಳು ಇಷ್ಟೆಲ್ಲ ಹೆದರಿಸಿದ್ದು ತಾನೇ ಹೋಗುತ್ತದಾ? ನಂಬಿಕೆಯೇ ಬರುತ್ತಿಲ್ಲ. ಇನ್ನೊಂದು, ಮನೆಯಲ್ಲಿ ನನ್ನ ಮದುವೆ ಮಾತು ನಡೆಯುತ್ತಿದೆ. ಅವರಿಗೆ ಏನಂತ ಹೇಳುವುದು?

ಎಲೆಅಡಿಕೆ

ಇದಕ್ಕೆ ನಮ್ಮ ಕಡೆ ಗಂಡಮಾಲೆ ಅಂತಾರೆ. ಸುಣ್ಣ ಬೆಲ್ಲ ಕಲಸಿ ಪಟ್ಟು ಹಾಕಿ. ನಮ್ಮ ಅಕ್ಕನಿಗೂ ಹೀಗೇ ಗಂಟು ಎದ್ದಿತ್ತು, ಪಟ್ಟು ಹಾಕಿ ಎರಡು ತಿಂಗಳಲ್ಲಿ ಪೂರ್ತಿ ಇಳಿಯಿತು. ಸುಮ್ನೆ ಕುತ್ತಿಗೆ ಕೊಯ್ಸಿಕೊಂಡಿರಿ.

ರಾತ್ರಿಪಾಳಿ

ಅಣ್ಣ, ಹೊಲಿಗೆ ಇನ್ನೂ ಹಸಿ ಇರುವವರಿಗೆ ಸುಣ್ಣ ಹಚ್ಚಲು ಹೇಳುತ್ತಿದ್ದೀರಿ! ಚರ್ಮ ಸುಟ್ಟರೆ ನಮ್ಮ ಡ್ರೆಸ್ಸಿಂಗ್ ರೂಮಿಗೇ ಬರಬೇಕು ಅವರು. ನಾನು ನರ್ಸ್, ಹದಿನಾರು ವರ್ಷದಿಂದ. ದಯವಿಟ್ಟು ಯಾರೂ ಏನೂ ಹಚ್ಚಬೇಡಿ.

ಗಾಜಿನಪಟ್ಟಿ

ನಾನು ಪೆಥಾಲಜಿಸ್ಟ್, ಅಂದರೆ ಗಂಟಿನ ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಕಾಯಿಲೆ ಹೇಳುವ ಡಾಕ್ಟರ್. ರೋಗಿಗಳು ನಮ್ಮನ್ನು ನೋಡುವುದೇ ಇಲ್ಲ, ನಾವು ಅವರ ಗಂಟನ್ನಷ್ಟೇ ನೋಡುತ್ತೇವೆ. ಅಪರೂಪಕ್ಕೆ ನಮ್ಮ ವಿಷಯ ಬಂದಿದೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ನಿಮ್ಮ ಭಯದ ಬಗ್ಗೆ. ಕಿಕುಚಿ ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಆಗಿ ತಿರುಗುವಂಥದ್ದೂ ಅಲ್ಲ. ಅಂಟುವುದಿಲ್ಲ. ಸಾಮಾನ್ಯವಾಗಿ ಒಂದರಿಂದ ನಾಲ್ಕು ತಿಂಗಳಲ್ಲಿ ತಾನೇ ಇಳಿಯುತ್ತದೆ. ನಿಮ್ಮ ಡಾಕ್ಟರ್ ಹೇಳಿದ್ದು ಸರಿ, ಹೇಳಿದ ರೀತಿ ಸ್ವಲ್ಪ ಗಡಿಬಿಡಿಯದ್ದು ಅಷ್ಟೇ.

1972ರಲ್ಲಿ ಜಪಾನಿನಲ್ಲಿ ಕಿಕುಚಿ ಎಂಬ ಪೆಥಾಲಜಿಸ್ಟ್ ಇದನ್ನು ಬರೆದರು. ಅದೇ ವರ್ಷ ಫುಜಿಮೊಟೊ ಮತ್ತು ಅವರ ಜೊತೆಗಾರರೂ ಬೇರೆಯಾಗಿ ಬರೆದರು. ಹಾಗಾಗಿ ಎರಡು ಹೆಸರು. ಜಾಸ್ತಿ ಕಾಣುವುದು ಏಷ್ಯಾದವರಲ್ಲಿ, ಅದರಲ್ಲೂ ನಲವತ್ತರ ಒಳಗಿನ ಹೆಂಗಸರಲ್ಲಿ. ಗಂಟು ಹೆಚ್ಚಾಗಿ ಕುತ್ತಿಗೆಯ ಒಂದೇ ಬದಿಗೆ, ಹಿಂಭಾಗಕ್ಕೆ. ಅಂದರೆ ಪುಸ್ತಕದಲ್ಲಿ ಬರೆದಂತೆಯೇ ನಿಮಗೆ ಬಂದಿದೆ.

ಗಂಟನ್ನು ಇಡಿಯಾಗಿ ತೆಗೆದದ್ದು ಯಾಕೆ ಒಳ್ಳೆಯದಾಯಿತು ಹೇಳುತ್ತೇನೆ. ಸೂಜಿಯಲ್ಲಿ ಬರುವುದು ನಾಲ್ಕು ಹನಿ. ಕಿಟಕಿಯಿಂದ ಕೈ ಹಾಕಿ ಒಂದು ಹಿಡಿ ಕಸ ತೆಗೆದುಕೊಟ್ಟು, ಈ ಮನೆಯಲ್ಲಿ ಎಷ್ಟು ಕೋಣೆ ಇವೆ ಹೇಳು ಅಂದ ಹಾಗೆ. ಆ ಹನಿಯಲ್ಲಿ ಸತ್ತ ಜೀವಕೋಶ ಕಂಡರೆ, ನಮ್ಮ ದೇಶದಲ್ಲಿ ಕೂತವರಿಗೆ ಮೊದಲು ನೆನಪಾಗುವುದು ಟಿಬಿ. ಅದು ತಪ್ಪೂ ಅಲ್ಲ. ಜಗತ್ತಿನ ಟಿಬಿ ರೋಗಿಗಳಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಭಾರತದಲ್ಲೇ ಇದ್ದಾರೆ, ಶ್ವಾಸಕೋಶ ಬಿಟ್ಟರೆ ಅದು ಹೆಚ್ಚು ಕಾಣುವ ಜಾಗಗಳಲ್ಲಿ ಕುತ್ತಿಗೆಯ ಗಂಟು ಮುಂದಿದೆ.

ಇಡೀ ಗಂಟು ಸಿಕ್ಕರೆ ಕಥೆ ಬೇರೆ. ಸ್ಲೈಡನ್ನು ಕಡಿಮೆ ಪವರ್‌ನಲ್ಲಿ ಇಟ್ಟರೆ ಕಡು ನೇರಳೆ ಬಟ್ಟೆಗೆ ಅಲ್ಲಲ್ಲಿ ಗುಲಾಬಿ ತೇಪೆ ಹಾಕಿದ ಹಾಗೆ ಕಾಣುತ್ತದೆ. ಪವರ್ ಹೆಚ್ಚಿಸಿ. ಆ ತೇಪೆಯ ಮೇಲೆಲ್ಲ ಸಾಸಿವೆ ಕುಟ್ಟಿ ಚೆಲ್ಲಿದಂತೆ ಕಪ್ಪು ಪುಡಿ. ಅದು ಸತ್ತ ಜೀವಕೋಶಗಳ ನ್ಯೂಕ್ಲಿಯಸ್‌ನ ಚೂರು. ಆ ಪುಡಿ ನುಂಗಲು ಬಂದ ಹಿಸ್ಟಿಯೋಸೈಟ್‌ಗಳು ಸುತ್ತ ಗುಂಪುಗೂಡಿರುತ್ತವೆ. ಹೊಟ್ಟೆ ತುಂಬಿ, ನ್ಯೂಕ್ಲಿಯಸ್ ಒಂದು ಮೂಲೆಗೆ ಒತ್ತಿಹೋಗಿ ಬಿದಿಗೆ ಚಂದ್ರನ ಹಾಗೆ ಬಾಗಿರುತ್ತದೆ. ಇನ್ನು ಮುಖ್ಯವಾದದ್ದು, ಅಲ್ಲಿ ಏನು ಇಲ್ಲ ಅನ್ನುವುದು. ಇಷ್ಟು ಜೀವಕೋಶ ಸತ್ತ ಜಾಗದಲ್ಲಿ ಕೀವಿನ ಕಣಗಳು, ನ್ಯೂಟ್ರೋಫಿಲ್‌ಗಳು, ಮುತ್ತಿಕೊಂಡಿರಬೇಕಿತ್ತು. ಹುಡುಕಿದರೂ ಸಿಗುವುದಿಲ್ಲ. ಟಿಬಿಯಲ್ಲಿ ಕಾಣುವ ಗ್ರ್ಯಾನ್ಯುಲೋಮಾ (ಜೀವಕೋಶಗಳು ಒತ್ತಾಗಿ ಕಟ್ಟಿದ ಉಂಡೆ), ದೈತ್ಯ ಜೀವಕೋಶ ಕೂಡ ಇರುವುದಿಲ್ಲ. ಸಾವಿನ ಮನೆ, ಆದರೆ ಬರಬೇಕಾದ ನೆಂಟರು ಯಾರೂ ಬಂದಿಲ್ಲ. ಅದನ್ನು ನೋಡಿದಾಗ ನಮಗೆ ‘ಓಹೋ’ ಅನಿಸುತ್ತದೆ.

ಲಿಂಫೋಮಾ ಎಂದು ಮೋಸ ಹೋಗುವುದೂ ಉಂಟು. ಶುರುವಿನ ಹಂತದಲ್ಲಿ ಪುಡಿ ಕಡಿಮೆ ಇರುತ್ತದೆ, ದೊಡ್ಡ ದೊಡ್ಡ ಜೀವಕೋಶಗಳು ಭರದಿಂದ ಬೆಳೆಯುತ್ತಿರುತ್ತವೆ. ನೋಡಿದರೆ ಎದೆ ಝಲ್ಲೆನ್ನುತ್ತದೆ. ಅನುಮಾನ ಬಂದರೆ ಐಹೆಚ್‌ಸಿ ಎಂಬ ಬಣ್ಣದ ಪರೀಕ್ಷೆ ಮಾಡುತ್ತೇವೆ. ಅದಕ್ಕೇ ಕೆಲವು ರಿಪೋರ್ಟ್ ಒಂದು ವಾರ ತಡವಾಗುತ್ತವೆ. ಲ್ಯಾಬಿನವರು ಮಲಗಿದ್ದಾರೆ ಅಂದುಕೊಳ್ಳಬೇಡಿ.

ಯಾಕೆ ಬರುತ್ತದೆ ಅಂದರೆ, ಕಾರಣ ಇನ್ನೂ ಯಾರಿಗೂ ಸಿಕ್ಕಿಲ್ಲ. ಇಬಿವಿಯಂಥ (ಎಪ್‌ಸ್ಟೈನ್-ಬಾರ್) ವೈರಸ್‌ಗಳ ಮೇಲೆ ಅನುಮಾನ ಇದೆ, ಸಾಬೀತಾಗಿಲ್ಲ.

ಹಿತ್ತಲಮಲ್ಲಿಗೆ

ಸರ್ (ಮೇಡಂ?), ಅಮ್ಮನಿಗೆ ನಿಮ್ಮ ಬರಹವನ್ನು ಜೋರಾಗಿ ಓದಿ ಹೇಳಿದೆ. ‘ಕ್ಯಾನ್ಸರ್ ಅಲ್ಲ’ ಅನ್ನುವ ಸಾಲನ್ನು ಎರಡು ಸಲ ಓದಿಸಿದರು. ಆಮೇಲೆ ಎದ್ದು ಹೋಗಿ ಮೊಸರನ್ನ ಕಲಸಿಕೊಂಡರು. ಅಜ್ಜಿ ಮಾತ್ರ ಇದನ್ನು ‘ಕಿಚಡಿ ಕಾಯಿಲೆ’ ಅಂತ ಕರೆಯುತ್ತಿದ್ದಾರೆ, ಬೀದಿಗೆಲ್ಲ ಹಾಗೇ ಹೇಳಿಯಾಗಿದೆ.

ಗಾಜಿನಪಟ್ಟಿ

ಮೇಡಂ. ಅಜ್ಜಿ ಇಟ್ಟ ಹೆಸರು ನಮ್ಮದಕ್ಕಿಂತ ವಾಸಿ. ನಮ್ಮಲ್ಲಿ ಇದಕ್ಕೆ ‘ಹಿಸ್ಟಿಯೋಸೈಟಿಕ್ ನೆಕ್ರೋಟೈಸಿಂಗ್ ಲಿಂಫಡೆನೈಟಿಸ್’ ಅಂತಾರೆ.

ಮಲಪ್ರಭಾ ದಂಡೆ

ನಮ್ಮ ತಂಗೀದು ಇದೇ ಕಥೆ, ಆದರೆ ಬೇರೆ ದಾರಿ ಹಿಡಿಯಿತು. 2019ರಲ್ಲಿ, ಆಗ ಅವಳಿಗೆ 24. ಸೂಜಿ ಪರೀಕ್ಷೆಯಲ್ಲಿ ನೆಕ್ರೋಸಿಸ್ ಎಂದು ಬಂತು, ಟಿಬಿ ಮಾತ್ರೆ ಶುರುವಾಯಿತು. ಮೂತ್ರ ಕಿತ್ತಳೆ ಬಣ್ಣ ಆದಾಗ ಅವಳು ಹೆದರಿ ಅತ್ತಳು, ಅದು ರಿಫಾಂಪಿಸಿನ್ ಎಂಬ ಟಿಬಿ ಮಾತ್ರೆಯ ಬಣ್ಣ ಎಂದು ಯಾರೂ ಮೊದಲೇ ಹೇಳಿರಲಿಲ್ಲ. ಎರಡನೇ ತಿಂಗಳಿಗೆ ಗಂಟು ಮಾಯ. ಜ್ವರ ಇಲ್ಲ. ನಾವೆಲ್ಲ ‘ನೋಡ್ರಿ, ಔಷಧ ಹಿಡೀತು’ ಅಂದೆವು. ಆರು ತಿಂಗಳು ಮುಗಿಸಿದಳು. ಮಧ್ಯೆ ಲಿವರ್ ಕೈಕೊಟ್ಟು ಹದಿನೈದು ದಿನ ಮಾತ್ರೆ ನಿಲ್ಲಿಸಿದ್ದೂ ಆಯಿತು.

2021ರಲ್ಲಿ ಇನ್ನೊಂದು ಬದಿಗೆ ಗಂಟು. ಈ ಸಲ ಸರ್ಜನ್ ತೆಗೆದು ಕಳಿಸಿದರು. ಕಿಕುಚಿ. ಮೊದಲನೆಯದೂ ಅದೇ ಇರಬೇಕು ಅಂದರು. ಈಗ ಅದನ್ನು ಸಾಬೀತು ಮಾಡೋದು ಹೇಗೆ? ಮೊದಲನೇ ಸಲದ್ದು ನಾಲ್ಕು ಹನಿ ಅಷ್ಟೇ ಇತ್ತಲ್ರಿ.

ಎಲೆಅಡಿಕೆ

ಹಾಗಾದರೆ ಔಷಧ ಕೆಲಸ ಮಾಡಲಿಲ್ಲ ಅಂತೀರಾ? ಗಂಟು ಇಳಿಯಿತಲ್ಲ.

ಮಲಪ್ರಭಾ ದಂಡೆ

ನಿಮ್ಮ ಸುಣ್ಣ ಬೆಲ್ಲಕ್ಕೂ ಎರಡು ತಿಂಗಳು, ನಮ್ಮ ಮಾತ್ರೆಗೂ ಎರಡು ತಿಂಗಳು. ಎರಡನೇ ಸಲ ಬಂದಾಗ ನನ್ನ ತಂಗಿ ಜ್ವರದ ಮಾತ್ರೆ ಬಿಟ್ಟು ಏನೂ ತಗೊಳ್ಳಲಿಲ್ಲ. ಅದಕ್ಕೂ ಎರಡು ತಿಂಗಳೇ ಹಿಡಿಯಿತು. ನೀವೇ ಲೆಕ್ಕ ಹಾಕಿ.

ಗಾಜಿನಪಟ್ಟಿ

ಈ ಕಾಯಿಲೆಯ ಬೇರೆಲ್ಲ ಗುಣಕ್ಕಿಂತ ನನಗೆ ಇದೇ ವಿಚಿತ್ರ ಅನಿಸುವುದು. ಅದು ಹೊರಡುವ ಹೊತ್ತಿಗೆ ಯಾರ ಔಷಧ ಬಾಯಲ್ಲಿತ್ತೋ ಅವರಿಗೆ ಹೆಸರು. ಆಂಟಿಬಯೋಟಿಕ್ ಕೊಟ್ಟವರು ನಮ್ಮದು ಅಂತಾರೆ, ಟಿಬಿ ಮಾತ್ರೆ ಕೊಟ್ಟವರು ನಮ್ಮದು, ಪಟ್ಟು ಹಾಕಿದವರು ನಮ್ಮದು, ಹರಕೆ ಹೊತ್ತವರು ದೇವರದು. ಹಾಗಾಗಿ ‘ಇಳಿಯಿತು’ ಅನ್ನುವುದನ್ನು ಇಟ್ಟುಕೊಂಡು ಏನಾಗಿತ್ತು ಎಂದು ಹೇಳಲು ಬರುವುದಿಲ್ಲ. ಗಂಟು ಇದ್ದಾಗಲೇ ತೆಗೆದು ನೋಡಬೇಕು.

ನಿಮ್ಮ ತಂಗಿಗೆ ಮರುಕಳಿಸಿದ್ದು ಅಪರೂಪದಲ್ಲಿ ಅಪರೂಪ. ನೂರರಲ್ಲಿ ಮೂರು ನಾಲ್ಕು ಮಂದಿಗೆ ಹಾಗೆ ಆಗುತ್ತದೆ.

ಅರ್ಧಟೀ

ಇದನ್ನೆಲ್ಲ ಓದಿ ಕೈ ನಡುಗುತ್ತಿದೆ. ನನ್ನ ಹೆಂಡತಿಗೆ 31. ಕುತ್ತಿಗೆಯ ಗಂಟಿಗೆ ಟಿಬಿ ಮಾತ್ರೆ ಶುರುವಾಗಿ ಐದು ವಾರ. ಅವಳಿಗೂ ಸೂಜಿ ಪರೀಕ್ಷೆ ಮಾತ್ರ ಆಗಿದ್ದು. ದಿನಾ ವಾಂತಿ. ನಾಳೆಯಿಂದ ಮಾತ್ರೆ ನಿಲ್ಲಿಸಿಬಿಡಲಾ?

ರಾತ್ರಿಪಾಳಿ

ಬೇಡ. ಬೇಡ. ಬೇಡ. ಮೊದಲು ಆ ಎಫ್‌ಎನ್‌ಎಸಿ ರಿಪೋರ್ಟ್ ತೆಗೆದು ಓದಿ. ‘ಎಎಫ್‌ಬಿ’ ಎಂಬ ಸಾಲಿನಲ್ಲಿ, ಅಂದರೆ ಟಿಬಿ ಥರದ ಕ್ರಿಮಿ ಕಂಡಿತೋ ಇಲ್ಲವೋ ಎಂಬಲ್ಲಿ, ಏನು ಬರೆದಿದೆ? ಸಿಬಿನ್ಯಾಟ್ ಅಂತ, ಟಿಬಿ ಕ್ರಿಮಿಯ ಡಿಎನ್‌ಎ ಹುಡುಕುವ ಬೇರೆ ರಿಪೋರ್ಟ್ ಇದೆಯಾ?

ಅರ್ಧಟೀ

ನೋಡಿದೆ ಅಕ್ಕ. ಗ್ರ್ಯಾನ್ಯುಲೋಮಾ ಕಂಡಿದೆ, ಎಎಫ್‌ಬಿ ಪಾಸಿಟಿವ್ ಎಂದಿದೆ. ಸಿಬಿನ್ಯಾಟ್‌ನಲ್ಲಿ ‘ಎಂಟಿಬಿ ಡಿಟೆಕ್ಟೆಡ್’.

ಗಾಜಿನಪಟ್ಟಿ

ಹಾಗಿದ್ದರೆ ಅದು ಟಿಬಿಯೇ. ಕ್ರಿಮಿಯೇ ಕೈಗೆ ಸಿಕ್ಕಿದೆ. ನಿಮ್ಮ ಹೆಂಡತಿಗೆ ಸರಿಯಾದ ಔಷಧವೇ ನಡೆಯುತ್ತಿದೆ. ಮಾತ್ರೆ ಅರ್ಧಕ್ಕೆ ಬಿಟ್ಟರೆ ಔಷಧಕ್ಕೆ ಬಗ್ಗದ ಟಿಬಿ ಆಗಬಹುದು, ಆಮೇಲಿನ ಪಾಡು ಕೇಳಬೇಡಿ. ಆದರೆ ದಿನಾ ವಾಂತಿ ಸಣ್ಣ ವಿಷಯ ಅಲ್ಲ. ನಾಳೆ ಬೆಳಿಗ್ಗೆಯೇ ಮಾತ್ರೆ ಕೊಡುವಲ್ಲಿಗೆ ಕರೆದುಕೊಂಡು ಹೋಗಿ, ಲಿವರ್ ಪರೀಕ್ಷೆ ಮಾಡಿಸಿ. ಕಣ್ಣು ಹಳದಿಯಾದರೆ ನಾಳೆವರೆಗೂ ಕಾಯಬೇಡಿ.

ರಾತ್ರಿಪಾಳಿ

ಇನ್ನೂ ಒಂದು. ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ಟಿಬಿ ರೋಗಿಗಳಿಗೆ ತಿಂಗಳಿಗೆ ಸಾವಿರ ರೂಪಾಯಿ ಖಾತೆಗೆ ಹಾಕುತ್ತದೆ. 2024ರ ನವೆಂಬರ್‌ಗೆ ಮೊದಲು ಐನೂರಿತ್ತು. ಬ್ಯಾಂಕ್ ಪಾಸ್‌ಬುಕ್ ಕೊಟ್ಟಿಲ್ಲದಿದ್ದರೆ ಅದನ್ನೂ ನಾಳೆ ತೆಗೆದುಕೊಂಡು ಹೋಗಿ.

ಸುಮ್ನೆ ಓದುವವನು

ಒಂದು ಡೌಟು. ಮಲ್ಲಿಗೆಯವರೇ, ನಿಮಗೆ ಟಿಬಿ ಅಲ್ಲ ಎಂದು ಪೂರ್ತಿ ಖಾತ್ರಿ ಹೇಗಾಯಿತು? ಸ್ಲೈಡ್ ನೋಡಿದ್ದು ಒಂದು, ಕ್ರಿಮಿ ಪರೀಕ್ಷೆಯೂ ಮಾಡಿದರಾ?

ಹಿತ್ತಲಮಲ್ಲಿಗೆ

ಮಾಡಿದರು, ಅದರದ್ದೇ ಒಂದು ದೊಡ್ಡ ಪ್ರಸಂಗ. ಆಪರೇಷನ್ ಆದ ಮೇಲೆ ಗಂಟನ್ನು ಲ್ಯಾಬಿಗೆ ತಲುಪಿಸುವ ಕೆಲಸ ನಮ್ಮಣ್ಣನದು. ಥಿಯೇಟರಿನ ಸಿಸ್ಟರ್ ಹೊರಗೆ ಬಂದು ಅವನ ಕೈಗೆ ಎರಡು ಡಬ್ಬಿ ಕೊಟ್ಟರು. ಎರಡಕ್ಕೂ ಬಿಳಿ ಪ್ಲಾಸ್ಟಿಕ್ ಮುಚ್ಚಳ, ಎರಡರಲ್ಲೂ ನೀರಿನಂಥದ್ದೇ. ‘ಇದು ಫಾರ್ಮಲಿನ್, ಪೆಥಾಲಜಿಗೆ. ಇದು ಸಲೈನ್, ಕಲ್ಚರ್‌ಗೆ. ಅದಲುಬದಲು ಮಾಡಬೇಡಿ’ ಅಂದರಂತೆ. ಅಣ್ಣ ಆಟೋ ಹತ್ತಿದ. ಅರ್ಧ ದಾರಿಯಲ್ಲಿ ಯಾವುದು ಯಾವುದು ಅಂತ ಮರೆತ. ಚೀಟಿ ಅಂಟಿಸಿದ್ದರು, ಆದರೆ ಅಕ್ಷರ ಒದ್ದೆಯಾಗಿ ಹರಡಿಕೊಂಡಿತ್ತು. ಮುಚ್ಚಳ ಸ್ವಲ್ಪ ತಿರುಗಿಸಿ ಮೂಸಿ ನೋಡಿದ. ಒಂದರ ಘಾಟು ಕಣ್ಣಿಗೇ ಹೊಡೆಯಿತಂತೆ. ಆಟೋದವರು ‘ಏನ್ ಸ್ವಾಮಿ ಅದು, ಇಳೀರಿ ಕೆಳಗೆ’ ಅಂದರಂತೆ. ಹಾಗೆ ಗೊತ್ತಾಯಿತು ಯಾವುದು ಫಾರ್ಮಲಿನ್ ಅಂತ.

ಸಲೈನಿನ ಚೂರಿನಲ್ಲಿ ಸಿಬಿನ್ಯಾಟ್ ಮಾಡಿದರು, ನೆಗೆಟಿವ್ ಬಂತು. ಕ್ರಿಮಿ ಬೆಳೆಯುತ್ತದಾ ಎಂದು ನೋಡುವ ಕಲ್ಚರ್ ಇನ್ನೂ ಇಟ್ಟಿದ್ದಾರೆ, ಆರು ವಾರ ನೋಡಬೇಕಂತೆ.

ಗಾಜಿನಪಟ್ಟಿ

ಅಣ್ಣನಿಗೆ ನನ್ನ ನಮಸ್ಕಾರ ತಿಳಿಸಿ. ಮೂಸುವುದು ಮಾತ್ರ ಬೇಡ, ಅದು ವಿಷ. ಆದರೆ ಎರಡು ಡಬ್ಬಿ ಕೊಟ್ಟ ಆ ಸಿಸ್ಟರ್‌ಗೆ ನಿಜವಾಗಿ ಕೈಮುಗಿಯಬೇಕು. ಇಡೀ ಗಂಟು ಫಾರ್ಮಲಿನ್‌ಗೆ ಬಿದ್ದರೆ ಕ್ರಿಮಿ ಸತ್ತುಹೋಗುತ್ತದೆ, ಆಮೇಲೆ ಕಲ್ಚರ್ ಮಾಡಲು ಏನೂ ಉಳಿಯುವುದಿಲ್ಲ. ಎಷ್ಟೋ ಸಲ ನಮ್ಮ ಟೇಬಲ್‌ಗೆ ಬರುವುದು ಒಂದೇ ಡಬ್ಬಿ. ಬಯಾಪ್ಸಿಗೆ ಹೋಗುವವರು ಮೊದಲೇ ಸರ್ಜನ್ ಹತ್ತಿರ ಒಂದು ಮಾತು ಕೇಳಿ: ‘ಸರ್, ಒಂದು ಚೂರು ಸಲೈನ್‌ನಲ್ಲಿ ಟಿಬಿ ಟೆಸ್ಟ್‌ಗೆ ಹೋಗುತ್ತದಾ?’ ಅಷ್ಟೇ.

ಬಯಾಪ್ಸಿಗೆ ಮೊದಲು ಸ್ಟಿರಾಯ್ಡ್ ಬೇಡ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಗಂಟು ಕರಗಲಿ ಎಂದು ಯಾರಾದರೂ ಸ್ಟಿರಾಯ್ಡ್ ಕೊಟ್ಟರೆ, ಲಿಂಫೋಮಾ ಇದ್ದರೂ ತಾತ್ಕಾಲಿಕವಾಗಿ ಕುಗ್ಗಿ ಸ್ಲೈಡಿನಲ್ಲಿ ಮರೆಯಾಗಬಹುದು. ಕಿಕುಚಿ ಎಂದು ಖಾತ್ರಿಯಾದ ಮೇಲೆ, ಜ್ವರ ಬಿಡದೇ ಇದ್ದರೆ, ಸ್ವಲ್ಪ ದಿನ ಸ್ಟಿರಾಯ್ಡ್ ಅಥವಾ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಡುವುದುಂಟು. ಹೆಚ್ಚಿನವರಿಗೆ ನೋವಿನ ಮಾತ್ರೆಯೇ ಸಾಕು.

ಬಿಸಿಲೂರು

ನಮ್ಮ ಮನೆಯಲ್ಲಿ ಪೆಟ್ ಸ್ಕ್ಯಾನ್ ಮಾಡಿಸಿ ಇಪ್ಪತ್ತು ಸಾವಿರ ಹೋಯಿತು. ಕುತ್ತಿಗೆ ದೀಪಾವಳಿ ಥರ ಹೊಳೀತಿತ್ತು. ಮನೆಯವರೆಲ್ಲ ಕ್ಯಾನ್ಸರ್ ಅಂತ ತೀರ್ಮಾನ ಮಾಡಿ ಅತ್ತಾಯಿತು. ಆಮೇಲೆ ಬಯಾಪ್ಸಿಯಲ್ಲಿ ಕಿಕುಚಿ.

ಗಾಜಿನಪಟ್ಟಿ

ಹೊಳೆಯುತ್ತದೆ. ಉರಿಯೂತ ಇರುವ ಜಾಗವೂ ಸಕ್ಕರೆ ಜಾಸ್ತಿ ಹೀರುತ್ತದೆ, ಪೆಟ್‌ಗೆ ಅಷ್ಟೇ ಗೊತ್ತಾಗುವುದು. ಯಾಕೆ ಹೀರುತ್ತಿದೆ ಅನ್ನುವುದನ್ನು ಅದು ಹೇಳುವುದಿಲ್ಲ.

ನೇತ್ರಾವತಿ ತೀರ

ನನ್ನ ಮಗನಿಗೆ 11 ವರ್ಷ. ಅವನಿಗೂ ಇದೇ ಎಂದಿದ್ದಾರೆ. ಇಲ್ಲಿ ಎಲ್ಲರೂ ಹೆಂಗಸರ ಕಾಯಿಲೆ ಅನ್ನುತ್ತಿರುವುದರಿಂದ ರಿಪೋರ್ಟೇ ತಪ್ಪಿರಬಹುದಾ ಎಂದು ಅನುಮಾನ ಶುರುವಾಗಿದೆ.

ಗಾಜಿನಪಟ್ಟಿ

ತಪ್ಪಿರಬೇಕಿಲ್ಲ. ಹೆಂಗಸರಲ್ಲಿ ಜಾಸ್ತಿ ಅಂದರೆ ಗಂಡಸರಿಗೆ ಬರುವುದೇ ಇಲ್ಲ ಎಂದಲ್ಲ. ಮಕ್ಕಳಲ್ಲಿ ಗಂಡುಹುಡುಗರಿಗೂ ಬರುತ್ತದೆ. ಅನುಮಾನ ಕಾಡುತ್ತಿದ್ದರೆ ಲ್ಯಾಬಿನಿಂದ ಸ್ಲೈಡ್ ಮತ್ತು ಬ್ಲಾಕ್ ಕೇಳಿ ಪಡೆದು ಇನ್ನೊಬ್ಬ ಪೆಥಾಲಜಿಸ್ಟ್‌ಗೆ ತೋರಿಸಿ. ಬ್ಲಾಕ್ ಅಂದರೆ ಗಂಟಿನ ತುಂಡನ್ನು ಮೇಣದಲ್ಲಿ ಹುದುಗಿಸಿಟ್ಟದ್ದು. ಕೇಳಿದರೆ ಕೊಡುತ್ತಾರೆ, ಸಂಕೋಚ ಬೇಡ. ನಮಗೆ ಅದರಿಂದ ಅವಮಾನವೇನೂ ಆಗುವುದಿಲ್ಲ. ನಾನೇ ಕಷ್ಟದ ಸ್ಲೈಡನ್ನು ಪಕ್ಕದ ಟೇಬಲಿಗೆ ಒಯ್ದು ‘ನೋಡೇ ಇದನ್ನ’ ಅಂತೇನೆ.

ತಂಪುಕನ್ನಡಕ

ಹೆದರಿಸಲು ಬರೆಯುತ್ತಿಲ್ಲ, ಆದರೆ ಯಾರೂ ಹೇಳದ್ದನ್ನು ಹೇಳಬೇಕು. ನನಗೆ 2016ರಲ್ಲಿ ಕಿಕುಚಿ ಬಂದು ಮೂರು ತಿಂಗಳಲ್ಲಿ ಹೋಯಿತು. ಎಲ್ಲರೂ ಮರೆತೆವು. ಎರಡು ವರ್ಷ ಆದ ಮೇಲೆ ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗುತ್ತಿರಲಿಲ್ಲ, ದೋಸೆ ಸೌಟು ಹಿಡಿಯಲು ಕಷ್ಟ. ಜಾತ್ರೆಗೆ ಹೋಗಿ ಬಿಸಿಲಲ್ಲಿ ಅರ್ಧ ದಿನ ನಿಂತು ಬಂದೆ, ಕೆನ್ನೆ ಎರಡೂ ಕೆಂಪಗೆ ಸುಟ್ಟಂತಾಯಿತು. ಪಾರ್ಲರ್‌ನವರ ಕ್ರೀಮ್ ಹಚ್ಚಿಕೊಂಡು ಮೂರು ತಿಂಗಳು ಕಳೆದೆ. ಕೊನೆಗೆ ರುಮಟಾಲಜಿಸ್ಟ್ (ಕೀಲುನೋವಿನಂಥ ಕಾಯಿಲೆಗಳ ಡಾಕ್ಟರ್) ಹತ್ತಿರ ಹೋದಾಗ ಎಎನ್‌ಎ ಎಂಬ ರಕ್ತಪರೀಕ್ಷೆ ಪಾಸಿಟಿವ್, ಲೂಪಸ್. ಅಂದರೆ ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ. ಹಳೇ ಬಯಾಪ್ಸಿ ಕಾಗದ ನೋಡಿ ಅವರು ‘ಆಗಲೇ ಒಂದು ಸಲ ಎಎನ್‌ಎ ನೋಡಿದ್ದರೆ ಚೆನ್ನಾಗಿತ್ತು’ ಅಂದರು. ಈಗ ಮಾತ್ರೆಯಲ್ಲಿ ಆರಾಮಾಗಿದ್ದೇನೆ, ಕೆಲಸಕ್ಕೆ ಹೋಗುತ್ತೇನೆ.

ಹಿತ್ತಲಮಲ್ಲಿಗೆ

ಅಕ್ಕ, ಓದಿ ಹೊಟ್ಟೆ ಕಲಸಿದಂತಾಯಿತು. ನನಗೆ ಎಎನ್‌ಎ ಮಾಡಿಲ್ಲ. ನನಗೂ ಹಾಗೇ ಆಗುತ್ತದಾ?

ಗಾಜಿನಪಟ್ಟಿ

ಹೆಚ್ಚಿನವರಿಗೆ ಆಗುವುದಿಲ್ಲ. ಆದರೆ ತಂಪುಕನ್ನಡಕ ಅವರು ಹೇಳಿದ್ದು ನಿಜ. ಕಿಕುಚಿಗೂ ಲೂಪಸ್‌ಗೂ ಏನೋ ನೆಂಟಸ್ತಿಕೆ ಇದೆ. ಕೆಲವರಿಗೆ ಲೂಪಸ್ ಮೊದಲು ಬರುತ್ತದೆ, ಕೆಲವರಿಗೆ ಜೊತೆಗೆ, ಕೆಲವರಿಗೆ ವರ್ಷಗಳಾದ ಮೇಲೆ. ಲೂಪಸ್‌ನ ಗಂಟು ಸ್ಲೈಡಿನಲ್ಲಿ ಕಿಕುಚಿಯಂತೆಯೇ ಕಾಣಬಹುದು, ನಮಗೇ ಬೇರೆ ಮಾಡಲು ಕಷ್ಟ. ಅದಕ್ಕೇ ರಿಪೋರ್ಟಿನ ಕೊನೆಗೆ ‘ಲೂಪಸ್ ಇಲ್ಲವೆಂದು ನೋಡಿಕೊಳ್ಳಿ’ ಎಂದು ಒಂದು ಸಾಲು ಸೇರಿಸುತ್ತೇನೆ. ನಿಮ್ಮ ರಿಪೋರ್ಟಿನಲ್ಲೂ ಇರಬಹುದು, ಚಿಕ್ಕ ಅಕ್ಷರದಲ್ಲಿ.

ಎಎನ್‌ಎ, ಅದು ಪಾಸಿಟಿವ್ ಆದರೆ ಡಿಎಸ್‌ಡಿಎನ್‌ಎ ಎಂಬ ಇನ್ನೊಂದು ರಕ್ತಪರೀಕ್ಷೆ, ಜೊತೆಗೆ ಮೂತ್ರದಲ್ಲಿ ಪ್ರೋಟೀನ್. ಇವನ್ನು ಮಾಡಿಸಿ ಕಾಗದ ಫೈಲಿನಲ್ಲಿ ಇಟ್ಟುಕೊಳ್ಳಿ. ಮುಂದಿನ ಕೆಲವು ವರ್ಷ ಆರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಡಾಕ್ಟರಿಗೆ ಮುಖ ತೋರಿಸಿ.

ಹಿತ್ತಲಮಲ್ಲಿಗೆ

ರಿಪೋರ್ಟ್ ಮತ್ತೆ ತೆಗೆದೆ. ಎರಡನೇ ಪುಟದ ಕೊನೆಯಲ್ಲಿ ಇದೆ ಆ ಸಾಲು! ಡಾಕ್ಟರೂ ನೋಡಿಲ್ಲ, ನಾನೂ ನೋಡಿಲ್ಲ. ಸ್ಟೇಪ್ಲರ್ ಪಿನ್ ಅದರ ಮೇಲೇ ಹೊಡೆದಿದ್ದಾರೆ.

ಗೋಡೆಗಡಿಯಾರ

ಮದುವೆ ವಿಷಯ ಯಾರೂ ಹೇಳಲೇ ಇಲ್ಲ. ನನ್ನ ಮಾತು ಕೇಳಿ, ಏನೂ ಹೇಳಬೇಡಿ. ತಾನೇ ಹೋಗುವ ಕಾಯಿಲೆ, ಅಂಟಲ್ಲ, ವಂಶಕ್ಕಿಲ್ಲ. ಅವರ ಹುಡುಗ ಬಾಲ್ಯದಲ್ಲಿ ಕಾಮಾಲೆ ಬಂದದ್ದನ್ನು ಹೇಳಿದ್ದಾನಾ? ನೀವು ಹೇಳಿದರೆ ‘ಕುತ್ತಿಗೆ ಬಯಾಪ್ಸಿ ಆಗಿದೆಯಂತೆ’ ಅಂತ ಮಾತು ಎಲ್ಲೆಲ್ಲಿಗೋ ಹೋಗುತ್ತದೆ.

ತಂಪುಕನ್ನಡಕ

ನನ್ನದು ಉಲ್ಟಾ. ನಮ್ಮವರಿಗೆ ಮೊದಲೇ ಹೇಳಿದ್ದೆ. ಲೂಪಸ್ ಎಂದು ಗೊತ್ತಾದ ದಿನ ಅವರಿಗೆ ಹೊಸದಾಗಿ ಏನೂ ವಿವರಿಸಬೇಕಾಗಿ ಬರಲಿಲ್ಲ. ಮುಚ್ಚಿಟ್ಟಿದ್ದರೆ ಆ ದಿನ ನಾನು ಎರಡು ಕಾಯಿಲೆಯ ಬಗ್ಗೆ ಒಟ್ಟಿಗೆ ಹೇಳಬೇಕಿತ್ತು.

ಮಲಪ್ರಭಾ ದಂಡೆ

ಇಡೀ ಬೀಗರ ಬಳಗಕ್ಕೆ ಹೇಳೋದು ಬೇಡ, ಹುಡುಗನಿಗೆ ಹೇಳ್ರಿ. ರಿಪೋರ್ಟ್ ಕೈಗೆ ಕೊಡಿ, ಓದಲಿ. ನಮ್ಮ ತಂಗಿ ಹಾಗೇ ಮಾಡಿದಳು. ಹುಡುಗ ‘ಜಪಾನ್ ಕಾಯಿಲೆನಾ, ಮಾರುತಿ ಸುಜುಕಿ ಥರ’ ಅಂದನಂತೆ. ಈಗ ಎರಡು ಮಕ್ಕಳು.

ರಾತ್ರಿಪಾಳಿ

ಮಲ್ಲಿಗೆಯವರೇ, ಭುಜ ಹೇಗಿದೆ? ಕೈ ಪೂರ್ತಿ ಮೇಲೆತ್ತಿ ಜಡೆ ಹಾಕಿಕೊಳ್ಳಲು ಆಗುತ್ತದಾ? ನಿಮ್ಮ ಗಂಟು ಇದ್ದ ಜಾಗದಲ್ಲೇ ಭುಜ ಎತ್ತುವ ನರ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ಭುಜ ಜೋಲುತ್ತದೆ. ಆಗಿಲ್ಲ ಅಂದುಕೊಳ್ಳುತ್ತೇನೆ, ಆದರೂ ಕೇಳಬೇಕು. ಮುಂದೆ ಬಯಾಪ್ಸಿಗೆ ಹೋಗುವವರು ಅದಕ್ಕೇ ಕುತ್ತಿಗೆ ಆಪರೇಷನ್ ಮಾಡಿ ಕೈ ಪಳಗಿದವರ ಹತ್ತಿರ ಹೋಗಿ.

ಹಿತ್ತಲಮಲ್ಲಿಗೆ

ಕೈ ಎತ್ತಲು ಆಗುತ್ತದೆ ಅಕ್ಕ. ಜಡೆಯೂ ಹಾಕುತ್ತೇನೆ. ಆದರೆ ಬಲಗಿವಿಯ ಹಾಲೆ ಮರಗಟ್ಟಿದೆ. ಓಲೆಯ ತಿರುಪು ಹಾಕುವಾಗ ಬೇರೆ ಯಾರದ್ದೋ ಕಿವಿ ಹಿಡಿದಂತೆ ಅನಿಸುತ್ತದೆ. ಮೊನ್ನೆ ಓಲೆ ಬಿದ್ದುಹೋದದ್ದೇ ಗೊತ್ತಾಗಲಿಲ್ಲ, ತಲೆದಿಂಬಿನ ಅಡಿಯಲ್ಲಿ ಸಿಕ್ಕಿತು.

ರಾತ್ರಿಪಾಳಿ

ಅದು ಕಿವಿಗೆ ಹೋಗುವ ಬೇರೆ ನರ, ಚರ್ಮದ್ದು. ಭುಜದ್ದಲ್ಲ. ಸಾಮಾನ್ಯವಾಗಿ ತಿಂಗಳುಗಳಲ್ಲಿ ಸ್ಪರ್ಶ ಮರಳುತ್ತದೆ, ಕೆಲವರಿಗೆ ಸ್ವಲ್ಪ ಉಳಿಯುತ್ತದೆ. ಅಲ್ಲಿವರೆಗೆ ಬೆಲೆಬಾಳುವ ಓಲೆ ಹಾಕಬೇಡಿ.

ಹಿತ್ತಲಮಲ್ಲಿಗೆ (ಮೂರೂವರೆ ತಿಂಗಳ ನಂತರ)

ಕೇಳಿದ್ದವರಿಗೆಲ್ಲ ಸುದ್ದಿ. ಜ್ವರ ಎರಡನೇ ತಿಂಗಳ ಕೊನೆಗೆ ನಿಂತಿತು. ಉಳಿದಿದ್ದ ಎರಡು ಸಣ್ಣ ಗಂಟುಗಳಲ್ಲಿ ಒಂದು ಕೈಗೇ ಸಿಗುವುದಿಲ್ಲ, ಇನ್ನೊಂದು ಹುರುಳಿಕಾಳಿನಷ್ಟಿದೆ, ನೋವಿಲ್ಲ. ಬಿಳಿ ರಕ್ತಕಣ 5,600. ಎಎನ್‌ಎ ನೆಗೆಟಿವ್. ಮೂತ್ರ ಸರಿ. ಆರು ವಾರದ ಕಲ್ಚರ್‌ನಲ್ಲೂ ಏನೂ ಬೆಳೆದಿಲ್ಲ. ಡಿಸೆಂಬರ್‌ನಲ್ಲಿ ಮತ್ತೆ ತೋರಿಸಲು ಹೇಳಿದ್ದಾರೆ.

ಹುಡುಗನಿಗೆ ಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು, ‘ನೋವಿತ್ತಾ?’ ಅಂತ. ಅವರ ಅಮ್ಮ ಏನಂತಾರೆ ನೋಡಬೇಕು, ಇನ್ನೂ ಉತ್ತರ ಬಂದಿಲ್ಲ.

ಲ್ಯಾಬಿಗೆ ಹೋಗಿ ಸ್ಲೈಡ್, ಬ್ಲಾಕ್ ಎರಡನ್ನೂ ಬರೆದುಕೊಟ್ಟು ತಂದೆ. ಸಣ್ಣ ಪ್ಲಾಸ್ಟಿಕ್ ಚೌಕ, ಒಳಗೆ ಬಿಳಿ ಮೇಣ, ನಡುವೆ ಅವರೆಬೇಳೆಯಷ್ಟು ಕಂದು ಚೂರು. ಇಷ್ಟಕ್ಕೇ ಅಷ್ಟೊಂದು ರಂಪ. ಬಿಸಿಲಿಗೆ ಮೇಣ ಕರಗಬಾರದು ಎಂದು ಅಣ್ಣ ಅದನ್ನು ಫ್ರಿಜ್‌ನಲ್ಲಿ ಇಟ್ಟಿದ್ದ. ಅಜ್ಜಿ ಖೋವಾ ಎಂದು ತೆಗೆದು ನೋಡಿದರು. ಈಗ ದೇವರಮನೆ ಪಕ್ಕದ ಬೀರುವಿನಲ್ಲಿ, ಜಾತಕಗಳ ಕೆಳಗೆ ಇದೆ.

ಎಲೆಅಡಿಕೆ

ಒಳ್ಳೆಯದಾಯಿತು ತಂಗಿ. ಒಂದು ಮಾತು, ಸಿಟ್ಟಾಗಬೇಡಿ. ನಮ್ಮ ಅಕ್ಕನಿಗೆ ಹೋದ ವಾರ ಮತ್ತೆ ಗಂಟು ಎದ್ದಿದೆ, ಈ ಸಲ ಎಡಗಡೆ. ಸುಣ್ಣ ಕಲಸುತ್ತಿದ್ದಳು. ಬೇಡ ಅಂದೆ. ಶಿವಮೊಗ್ಗದ ಕಡೆ ಕುತ್ತಿಗೆ ಆಪರೇಷನ್ ಮಾಡುವ ಒಳ್ಳೆ ಸರ್ಜನ್ ಯಾರಾದರೂ ಇದ್ದರೆ ರಾತ್ರಿಪಾಳಿ ಅಕ್ಕ ಮೆಸೇಜ್ ಮಾಡಿ. ಎರಡು ಡಬ್ಬಿ ವಿಷಯ ನೆನಪಿದೆ.